ಎರಡು ತಲೆಮಾರಿನ ಗಾಡಿ, ಒಂದು ಚಿಟಿಕೆ ಸಕ್ಕರೆ

ಸೀರೆ ಅಂಗಡಿಯ ಗಾದಿಯ ಮೇಲೆ ಅರ್ಧ ಆಯುಷ್ಯ ಕಳೆದವನಿಗೆ ಮೋಸ ಮಾಡಬಲ್ಲ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಜಹೀರಾಬಾದಿನಲ್ಲಿ ನಾನು ಕೆಲಸ ಮಾಡುವ ಅಂಗಡಿಗೆ ಬರುವ ಹೆಣ್ಣುಮಕ್ಕಳು ಕಪಾಟಿನ ಸೀರೆಗಳನ್ನೆಲ್ಲ ಇಳಿಸಿ, ಸೆರಗು ಬಿಚ್ಚಿಸಿ, ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದು, ಕೊನೆಗೆ "ಮುಂದಿನ ವಾರ ಬರ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಸುಳ್ಳು ಯಾಕೆ ಹೇಳಲಿ, ಅವರಿಂದಲೇ ನಾನೊಂದು ವಿದ್ಯೆ ಕಲಿತಿದ್ದೆ: ಎರಡನ್ನು ಪಕ್ಕಪಕ್ಕ ಇಟ್ಟು ನೋಡದೆ ಯಾವುದನ್ನೂ ಕೊಳ್ಳಬಾರದು. ಆ ವಿದ್ಯೆಯನ್ನು ನಾನು ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ಲಿನ ಮೇಲೆ ಪ್ರಯೋಗಿಸಿದೆ.

ಗಾಡಿ ಬೇಕಾಗಿದ್ದು ನನ್ನ ಶೋಕಿಗಲ್ಲ, ನನ್ನ ಹೆಂಡತಿ ಮಹಾದೇವಿಯ ನೌಕರಿಗೆ. ಅವಳು ಝರಾಸಂಗಂ ಆಚೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಅಲ್ಲಿಗೆ ಹೋಗುವ ಬಸ್ಸು ತನ್ನ ಮನಸ್ಸಿಗೆ ಬಂದಾಗ ಬರುತ್ತದೆ. ಅದು ತಡವಾದ ದಿನ ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ತಟ್ಟೆ ಹಿಡಿದು ಕೂತಿರುತ್ತವೆ. ಸೂಪರ್‌ವೈಸರ್ ಮೇಡಂ ತಪಾಸಣೆಗೆ ಬಂದಾಗ ಎರಡು ಸಲವೂ ಅವರನ್ನು ಬೀಗವೇ ಸ್ವಾಗತಿಸಿತ್ತು. ಇನ್ನೊಂದು ಸಲ ಹೀಗಾದರೆ ಮೇಲಿನವರಿಗೆ ಬರೆಯುತ್ತೇನೆ ಎಂದು ಮೇಡಂ ಹೇಳಿ ಹೋದ ದಿನ ಮಹಾದೇವಿ ಊಟ ಮಾಡಲಿಲ್ಲ. ಅದನ್ನು ನೋಡಿ ನಾನು ಎದೆ ತಟ್ಟಿಕೊಂಡು ಹೇಳಿದೆ: ಗಾಡಿ ತರುತ್ತೇನೆ, ದಿನಾ ಬೆಳಿಗ್ಗೆ ನಿನ್ನನ್ನು ಅಂಗನವಾಡಿಗೆ ಬಿಟ್ಟು ಬಂದೇ ನಾನು ಅಂಗಡಿಗೆ ಹೋಗುತ್ತೇನೆ.

ಮಹಾದೇವಿ ಇಟ್ಟಿದ್ದು ಒಂದೇ ಷರತ್ತು.

"ಹಿಂದ ಕೂಡಾಕಿ ನಾ ಇದ್ದೀನ್ರಿ. ಸೀರಿ ಉಟ್ಕೊಂಡು ಒಂದೇ ಕಡಿ ಕಾಲ ಹಾಕಿ ಕೂಡಾಕ ಬರ್ತದೋ ಇಲ್ಲೋ, ಅಷ್ಟ ನೋಡ್ಕೊಂಡು ಬರ್ರಿ. ಉಳದದ್ದು ಏನರ ಇರವಲ್ದ್ಯಾಕ."

ಇಂಜಿನ್ನು, ಮೈಲೇಜು, ಪಿಕಪ್ಪು ಇವನ್ನೆಲ್ಲ ಬಿಟ್ಟು ಸೀಟಿನ ಮಾತಾಡುತ್ತಾಳಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗಿದೆ. ತಿಳಿಯದವರ ಮೇಲೆ ಸಿಟ್ಟಾಗಬಾರದು. ತಿಳಿದವರು ತಿಳಿದದ್ದನ್ನು ಮಾಡುತ್ತಾ ಹೋಗಬೇಕು.

ಹಾಗೆ ನನ್ನ ಅಧ್ಯಯನ ಶುರುವಾಯಿತು. ಮೊಬೈಲಿನಲ್ಲಿ ಕನ್ನಡ, ತೆಲುಗು, ಹಿಂದಿ, ಮೂರೂ ಭಾಷೆಯ ಗಾಡಿ ಪಂಡಿತರ ಭಾಷಣ ಕೇಳಿದೆ. ಒಂದು ಮಾಡೆಲ್ಲನ್ನು ಖಾಯಂ ಮಾಡಿದೆ. ತೊಂದರೆ ಎಂದರೆ ಅದಕ್ಕೆ ಹೆಸರು ಒಂದೇ, ತಲೆಮಾರು ಎರಡು. ಹಳೇ ತಲೆಮಾರಿನದು ಕಾರ್ಬೊರೇಟರಿನ ಗಾಡಿ. ಕಿಕ್ ಹೊಡೆದರೆ ಏಳುತ್ತದೆ, ಕೆಟ್ಟರೆ ಯಾವ ಹಳ್ಳಿಯ ಬೇವಿನ ಮರದ ಕೆಳಗಾದರೂ ರಿಪೇರಿಯಾಗುತ್ತದೆ. ಹೊಸ ತಲೆಮಾರಿನದಕ್ಕೆ ಗುಂಡಿ ಒತ್ತಿದರೆ ಸಾಕು. ಒಳಗಿನ ಕಂಪ್ಯೂಟರೇ ಪೆಟ್ರೋಲು ಅಳೆದು ಕೊಡುತ್ತದೆ. ಆದರೆ ಕೆಟ್ಟರೆ ಶೋರೂಮಿಗೇ ಹೊತ್ತುಕೊಂಡು ಹೋಗಬೇಕು. ಹಳೇದಕ್ಕೆ ಹೊಗೆ ಜಾಸ್ತಿ, ಹೊಸದಕ್ಕೆ ಹೊಗಳಿಕೆ ಜಾಸ್ತಿ. ಯಾವುದು ಮೇಲು? ಇದನ್ನು ನಾನು ಅಂಗಡಿಗೆ ಬಂದವರ ಮುಂದೆಲ್ಲ ಚರ್ಚಿಸಿದೆ. ಒಬ್ಬ ತಾಯಿ ಈ ಸೀರೆ ತೊಳೆದರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದರೆ, ಗಾಳಿ ಸರಿಯಾಗಿ ಇಟ್ಟುಕೊಂಡರೆ ಐವತ್ತರ ಮೇಲೆ ಕೊಡುತ್ತದೆ ಎಂದೆ. ಆಕೆ ಮುಂದಿನ ವಾರವೂ ಬರಲಿಲ್ಲ.

ನಾನು ಹೀಗೆ ಅಧ್ಯಯನ ಮಾಡುತ್ತಿರುವಾಗ ಮಾವಿನಕಾಯಿ ಹೋಗಿ ಉಪ್ಪಿನಕಾಯಿ ಆಯಿತು, ಮಳೆಗಾಲ ಬಂತು, ಮಹಾದೇವಿ ಕೊಡೆ ಹಿಡಿದು ಬಸ್ಸಿಗೆ ಕಾಯತೊಡಗಿದಳು. ದೇವರ ದಯೆ, ಮೇಡಂ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಎರಡೂ ತಲೆಮಾರಿನ ಗಾಡಿಗಳು ನೆಂಟರ ಮನೆಯಲ್ಲೇ ಮಾರಾಟಕ್ಕಿವೆ ಎಂಬ ಸುದ್ದಿ ಬಂತು. ಹಳೇದು ತಾಂಡೂರಿನಲ್ಲಿ, ನೆಲಕ್ಕೆ ಹಾಸುವ ಫರ್ಶಿ ಕಲ್ಲಿನ ವ್ಯಾಪಾರ ಮಾಡುವ ವೀರಭದ್ರಪ್ಪ ಮಾವನ ಹತ್ತಿರ. ಇವರು ಮಹಾದೇವಿಯ ಸೋದರಮಾವ. ಹೊಸದು ನಾರಾಯಣಖೇಡದಲ್ಲಿ, ನನ್ನ ಅಕ್ಕನ ಮೈದುನ ಶಿವಕುಮಾರನ ಹತ್ತಿರ. ಒಂದು ಹೆಂಡತಿಯ ಕಡೆ, ಒಂದು ನನ್ನ ಕಡೆ. ಇಬ್ಬರೂ ನಮ್ಮವರೇ, ಮೋಸದ ಪ್ರಶ್ನೆಯೇ ಇಲ್ಲ ಎಂದು ನಾನು ಹಿಗ್ಗಿದೆ. ಬುದ್ಧಿ ಇದ್ದವನಾದರೆ ಅಲ್ಲೇ ಕೈ ಮುಗಿದು ದೂರ ಸರಿಯುತ್ತಿದ್ದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಎತ್ತಿನ ವ್ಯಾಪಾರವಾಗಲಿ, ಹೆಣ್ಣು ಗಂಡಿನ ಸಂಬಂಧವಾಗಲಿ, ನೋಡುವಾಗ ಏನು ಬೇಕಾದರೂ ತಿನ್ನಬಹುದು. ಸಕ್ಕರೆ ಮಾತ್ರ ತಿನ್ನಬಾರದು. ಮನೆಯ ಹೆಣ್ಣುಮಕ್ಕಳು ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರೆಂದರೆ ಮಾತು ಮುಗಿಯಿತು. ಆಮೇಲೆ ಎತ್ತು ಕುಂಟಾದರೂ ನಿಮ್ಮದೇ. ಸಕ್ಕರೆ ತಿಂದು ಒಲ್ಲೆ ಎಂದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಎತ್ತಂತೂ ಇಲ್ಲವೇ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನಾನು ತುಟಿ ಬಿಗಿ ಹಿಡಿದೇ ತಾಂಡೂರಿನ ಬಸ್ಸು ಹತ್ತಿದೆ.

ಮಾವ ಮೊಣಕಾಲ ಮೇಲೆ ಕೈ ಊರಿ ಎದ್ದು ಬಂದು ನನ್ನನ್ನು ಒಳಗೆ ಕರೆದರು. ಗಾಡಿ ಆಮೇಲೆ, ಊಟ ಮೊದಲು ಎಂದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇದರಲ್ಲಿ ಸಕ್ಕರೆ ಇಲ್ಲವಲ್ಲ ಎಂದು ನಿಶ್ಚಿಂತೆಯಿಂದ ಉಂಡೆ. ಅತ್ತೆ ಬೇಡವೆಂದಷ್ಟೂ ಬಡಿಸಿದರು, ನಾನು ಬೇಡವೆನ್ನುತ್ತಲೇ ಉಂಡೆ. ಆಮೇಲೆ ಹೊಟ್ಟೆ ಹೊತ್ತುಕೊಂಡು ಗಾಡಿ ಹತ್ತಿದೆ.

ಕಿಕ್ ಹೊಡೆದೆ. ಎದ್ದಿತು! ಹಳೇದು ಹಳೇದೇ ಎಂದು ಮೆಚ್ಚುತ್ತಾ ಓಣಿ ದಾಟಿ ಕಲ್ಲಿನ ಲಾರಿಗಳ ರಸ್ತೆಗೆ ಬಂದೆ. ಅಲ್ಲಿ ಗಾಡಿ ಕೆಮ್ಮಿತು, ಬಿಕ್ಕಿತು, ನಿಂತಿತು. ಹಿಂದೆ ಒಂದು ಲಾರಿ, ಮುಂದೆ ಒಂದು ಲಾರಿ, ನಡುವೆ ನಾನು ಕಿಕ್ ಹೊಡೆಯುತ್ತಿದ್ದೇನೆ. ಪುಂಡಿ ಪಲ್ಯ ಗಂಟಲಿಗೆ ಬಂತು, ಗಾಡಿ ಏಳಲಿಲ್ಲ. ನಾನು ಕಲಿತ ಕಂಪ್ರೆಶನ್ನು, ಸ್ಪಾರ್ಕು, ಟೈಮಿಂಗು ಎಲ್ಲವನ್ನೂ ನೆನೆದೆ. ಕೊನೆಗೆ ತಳ್ಳಿಕೊಂಡೇ ಮನೆಗೆ ಬಂದಾಗ ಕಲ್ಲಿನ ಪುಡಿ ಮೆತ್ತಿ, ಮೈತುಂಬ ವಿಭೂತಿ ಹಚ್ಚಿದ ಸ್ವಾಮಿಗಳ ಹಾಗೆ ಕಾಣುತ್ತಿದ್ದೆ. ಅತ್ತೆ ಗಾಬರಿಯಿಂದ ನೀರು ತಂದರು. ಮಾವ ಬಗ್ಗಿ ನೋಡಿ, ಪೆಟ್ರೋಲಿನ ಕಾಕು ಬಂದ್ ಇದೆ, ತೆರೆಯದೆ ಹೋಗಿದ್ದೀರಿ ಎಂದರು. ಟ್ಯಾಂಕಿನ ಕೆಳಗೆ ಅಂಥ ತಿರುವು ಇರುತ್ತದೆ ಎಂದು ಯಾವ ಪಂಡಿತನೂ ನನಗೆ ಹೇಳಿರಲಿಲ್ಲ.

ಈಗ ಮಾವ ಕೇಳಿದರು. "ಹ್ಯಾಂಗದ ಅಳಿಯಂದ್ರ, ಗಾಡಿ?"

ಖರೇ ಹೇಳಬೇಕೆಂದರೆ ಕಿಕ್ ಬಿಗಿ, ಬ್ರೇಕು ಸಡಿಲು, ಹಾರ್ನಿಗೆ ನೆಗಡಿ. ಆದರೆ ಉಂಡ ಮನೆಯ ಜಂತಿ ಎಣಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ನಾನು ಉಂಡಿದ್ದು ಸ್ವಲ್ಪವೂ ಅಲ್ಲ. ತಪ್ಪು ಮಾಡಿದವನು ನಾನೇ ಆಗಿರುವಾಗ ಗಾಡಿಗೆ ಹೆಸರಿಡಲು ನಾಲಿಗೆ ಬರಲಿಲ್ಲ. ಭಾಳ ಛಲೋ ಅದ ಎಂದೆ. ಆ ಮಾತು ಮುಗಿಸಲು ಬಾಯಿ ತೆರೆದಿತ್ತಲ್ಲ, ಅದೇ ಸಮಯಕ್ಕೆ ಅತ್ತೆ ಒಂದು ಚಿಟಿಕೆ ಸಕ್ಕರೆ ಒಳಗೆ ಹಾಕಿಬಿಟ್ಟರು! ಬಸವಣ್ಣನ ಫೋಟೋದ ಮುಂದೆ ಊದಿನಕಡ್ಡಿಯೂ ಹತ್ತಿತು. ನಾನು ಸಕ್ಕರೆ ಉಗುಳಲಿಲ್ಲ. ಉಗುಳುವವನು ಮನುಷ್ಯನೇ?

ಮನೆಗೆ ಬಂದಾಗ ಮಹಾದೇವಿ, ಹಿಂದಿನ ಸೀಟಿನಲ್ಲಿ ಕೂತು ನೋಡಿದಿರಾ ಎಂದು ಕೇಳಿದಳು. ಗಾಡಿ ಹೊಡೆಯುವವನು ಹಿಂದೆ ಹೇಗೆ ಕೂರುತ್ತಾನೆ ಮಾರಾಯ್ತಿ ಎಂದು ನಕ್ಕುಬಿಟ್ಟೆ. ಸಕ್ಕರೆಯ ಸುದ್ದಿ ಎತ್ತಲಿಲ್ಲ. ಒಂದು ವಾರ ಬಿಟ್ಟು ಫೋನಿನಲ್ಲಿ ಏನೋ ಒಂದು ನೆಪ ಹೇಳಿದರಾಯಿತು ಎಂದು ನನ್ನ ಲೆಕ್ಕ.

ಅಷ್ಟರಲ್ಲಿ ನಾರಾಯಣಖೇಡದಿಂದ ಅಕ್ಕನ ಫೋನು ಬಂತು. ಹೆಂಡತಿಯ ಕಡೆಯವರ ಗಾಡಿ ನೋಡಲು ತಾಂಡೂರಿಗೆ ಹೋಗುತ್ತೀಯ, ನಿನ್ನ ಅಕ್ಕನ ಮನೆಯ ಗಾಡಿ ನಿನ್ನ ಕಣ್ಣಿಗೆ ಕಾಣಲಿಲ್ಲವೇ, ಇಲ್ಲಿ ನನ್ನ ಅತ್ತೆಯ ಮುಂದೆ ನಾನು ಹೇಗೆ ಮುಖ ತೋರಿಸಲಿ ಎಂದು ಆಕೆ ಅತ್ತೇಬಿಟ್ಟಳು. ಹೋಗದೆ ಗತಿ ಇರಲಿಲ್ಲ. ಹೇಗೂ ಹೋಲಿಕೆ ಅರ್ಧಕ್ಕೆ ನಿಂತಿದೆ, ಅರ್ಧ ವಿದ್ಯೆ ಅಪಾಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈ ಸಲ ನಾನು ಎಚ್ಚರವಾಗಿದ್ದೆ. ಉಂಡರೆ ತಾನೇ ಜಂತಿಯ ಭಯ? ಸೋಮವಾರ ಹೋದೆ. ಹೊಸ್ತಿಲು ದಾಟುವಾಗಲೇ ಇವತ್ತು ನನ್ನದು ಉಪವಾಸ ಎಂದು ಸಾರಿದೆ. ಅಂಗಡಿಯ ಸಾಹುಕಾರರು ದೀಪಾವಳಿಗೆ ಲಕ್ಷ್ಮೀ ಪೂಜೆ ಮಾಡುವಷ್ಟೇ ಗಂಭೀರವಾಗಿ ಸಾರಿದೆ. ಅಕ್ಕನ ಅತ್ತೆ ಈರಮ್ಮಜ್ಜಿಗೆ ನನ್ನ ಮೇಲೆ ಭಕ್ತಿಯೇ ಹುಟ್ಟಿತು.

ಶಿವಕುಮಾರನ ಗಾಡಿ ಅಂಗಳದಲ್ಲಿ ಮಿರಮಿರ ಮಿಂಚುತ್ತಿತ್ತು. ಮುಂದಿನ ಸೀಟು ಕೆಳಗೆ, ಹಿಂದಿನ ಸೀಟು ಅಟ್ಟದ ಮೇಲೆ. ಅವನಿಗೆ ಈ ಬೇಸಿಗೆಯಲ್ಲಿ ಮದುವೆಯಾಗಿತ್ತು. ಹೊಸ ಸೊಸೆ ಬಾಗಿಲ ಹಿಂದೆ ನಿಂತು ಗಾಡಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು. ಇಷ್ಟು ಒಳ್ಳೆ ಗಾಡಿಯನ್ನು ಯಾಕೆ ಮಾರುತ್ತೀ ಎಂದು ಕೇಳಬೇಕೆನಿಸಿತು, ಆದರೆ ಬೀಗರ ಮನೆಯಲ್ಲಿ ಹಾಗೆ ಕೇಳುವುದು ಮರ್ಯಾದೆಯಲ್ಲ. ತಾಂಡೂರಿನಲ್ಲೂ ಕೇಳಿರಲಿಲ್ಲ.

ಗುಂಡಿ ಒತ್ತಿದೆ. ಬೆಣ್ಣೆಯ ಹಾಗೆ ಎದ್ದಿತು. ಗೇರು ಹಾಕಿದೆ. ಸತ್ತುಹೋಯಿತು. ಮತ್ತೆ ಒತ್ತಿದೆ, ಎದ್ದಿತು. ಮತ್ತೆ ಗೇರು, ಮತ್ತೆ ಸಾವು. ಓಣಿಯ ಜನ ಕಟ್ಟೆಗೆ ಬಂದು ಕೂತರು. ನಾನು ಇದರ ಸೆನ್ಸರು ಹೋಗಿರಬೇಕು, ಕಂಪ್ಯೂಟರಿಗೆ ಏನೋ ಆಗಿರಬೇಕು ಎಂದು ವಿವರವಾಗಿ ಹೇಳಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಈರಮ್ಮಜ್ಜಿ ಮಾತ್ರ ಕಟ್ಟೆಯ ಮೇಲಿಂದಲೇ ಕೇಳಿದಳು.

"ಸ್ಟ್ಯಾಂಡ್ ಯಾಕ ಕೆಳಗ ಬಿಟ್ಟಿಯಪ್ಪಾ? ಅದು ಮ್ಯಾಲ ಎತ್ತಿಲ್ಲಂದ್ರ ಹೋಗಂಗಿಲ್ಲಂತ ನಮ್ಮ ಶಿವ್ಯಾ ದಿನಾ ಹೇಳ್ತಾನ."

ಸೈಡ್ ಸ್ಟ್ಯಾಂಡು ಎತ್ತಿದೆ. ಗಾಡಿ ಹೋಯಿತು. ನನ್ನ ಮಾನ ಅದಕ್ಕಿಂತ ಮೊದಲೇ ಹೋಗಿತ್ತು.

ತಿರುಗಿ ಬಂದಾಗ ಹೇಗಿದೆ ಎಂದು ಎಲ್ಲರೂ ಕೇಳಿದರು. ಇಲ್ಲಿ ಉಂಡಿಲ್ಲ, ಧೈರ್ಯವಾಗಿ ವಿಚಾರ ಮಾಡಿ ಹೇಳುತ್ತೇನೆ ಎನ್ನಬೇಕು ಎಂದು ಸಿದ್ಧನಾದೆ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ನೋಡಿ, ಛಲೋನೇ ಅದ ಬಿಡ್ರಿ ಎಂದುಬಿಟ್ಟೆ. ಈರಮ್ಮಜ್ಜಿ ಬಟ್ಟಲು ಹಿಡಿದು ಎದುರಿಗೆ ಬಂದಳು. ನಾನು ಹೌಹಾರಿ, ಅಜ್ಜಿ, ಉಪವಾಸ ಎಂದೆ.

"ಉಪಾಸಕ್ಕ ಸಕ್ರಿ ನಡೀತದ," ಎಂದಳು ಅಜ್ಜಿ. "ಬಾಯಿ ತೆರಿ."

ಅರವತ್ತೈದು ದಾಟಿದ ಮುದುಕಿ ಕೈ ಮೇಲೆತ್ತಿ ನಿಂತಿರುವಾಗ ಬಾಯಿ ಮುಚ್ಚಿಕೊಳ್ಳುವ ಶಕ್ತಿಯನ್ನು ಶಿವ ನನಗೆ ಕೊಟ್ಟಿಲ್ಲ. ಈ ಸಲ ಚಿಟಿಕೆಯಲ್ಲ, ಮುಷ್ಟಿ! ಉಪವಾಸದವನು ಪಾಪ ಎಂದು ಎರಡನೇ ಸಲವೂ ಹಾಕಿದಳು. ಒಂದು ಗಾಡಿ ಕೊಳ್ಳಲು ಹೊರಟ ನಾನು ಎರಡು ಗಾಡಿಗಳಿಗೆ ಮಾತು ಕೊಟ್ಟು, ಖಾಲಿ ಹೊಟ್ಟೆಯಲ್ಲಿ, ಬಸ್ಸಿನಲ್ಲಿ ಜಹೀರಾಬಾದಿಗೆ ಮರಳಿದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಬೆವರುತ್ತೇನೆ. ತಾಂಡೂರಿಗೆ ಒಲ್ಲೆ ಎಂದರೆ ಹೆಂಡತಿಯ ತವರಿನ ಮಾನ, ನಾರಾಯಣಖೇಡಕ್ಕೆ ಒಲ್ಲೆ ಎಂದರೆ ಅಕ್ಕನ ಬಾಳು. ಎರಡನ್ನೂ ಕೊಳ್ಳೋಣವೆಂದರೆ ನನ್ನ ಪಗಾರದಲ್ಲಿ ಒಂದೂವರೆ ಚಕ್ರ ಬರಬಹುದಿತ್ತು. ಫೋನು ಬಂದಾಗಲೆಲ್ಲ, ಒಳ್ಳೆ ದಿನ ನೋಡಿ ಒಯ್ಯುತ್ತೇನೆ ಎಂದು ಮುಂದೂಡಿದೆ. ನಮ್ಮ ಕಡೆ ಗಾಡಿಗೆ ದಸರೆಗಿಂತ ಒಳ್ಳೆಯ ದಿನ ಯಾವುದಿದೆ ಎಂಬುದು ಬಾಯಿಬಿಟ್ಟ ಮೇಲೆ ಹೊಳೆಯಿತು.

ದಸರೆಯ ಬೆಳಿಗ್ಗೆ ಮಹಾದೇವಿ ಹೋಳಿಗೆಗೆ ಕಣಕ ನಾದುತ್ತಿದ್ದಳು. ಬಾಗಿಲಲ್ಲಿ ಹಾರ್ನು ಕೇಳಿತು, ನೆಗಡಿಯ ಹಾರ್ನು. ವೀರಭದ್ರಪ್ಪ ಮಾವ ಗಾಡಿಗೆ ಚೆಂಡು ಹೂವಿನ ಹಾರ ಹಾಕಿಕೊಂಡು ತಾವೇ ಬಂದಿದ್ದರು. ನೀವು ಒಯ್ಯಲು ಬರಲಿಲ್ಲ, ನಾನೇ ಮುಟ್ಟಿಸೋಣವೆಂದು ಬಂದೆ ಎಂದರು. ಅವರಿಗೆ ಚಾಪೆ ಹಾಸುವಷ್ಟರಲ್ಲಿ ಇನ್ನೊಂದು ಹಾರ್ನು. ಶಿವಕುಮಾರ! ಅವನ ಗಾಡಿಗೂ ಚೆಂಡು ಹೂವು. ಎರಡು ತಲೆಮಾರುಗಳು ನನ್ನ ಮನೆಯ ಮುಂದೆ ಎದುರು ಬದುರಾಗಿ ನಿಂತವು. ನಾನು ಬಯಸಿದ್ದು ಇದನ್ನೇ ತಾನೇ, ಪಕ್ಕಪಕ್ಕ ಇಟ್ಟು ನೋಡುವುದು! ಪಕ್ಕದ ಮನೆಯ ಖಾಜಾ ಭಾಯಿ ಗೋಡೆಯ ಮೇಲಿಂದ ಇಣುಕಿ, ಶೋರೂಮ್ ಯಾವಾಗ ತೆರೆದಿರಿ ಎಂದರು.

ನಾನು ಅಡುಗೆ ಮನೆಗೆ ಓಡಿ ಮಹಾದೇವಿಗೆ ಎಲ್ಲವನ್ನೂ ಒದರಿಬಿಟ್ಟೆ. ಎರಡೂ ಕಡೆ ಸಕ್ಕರೆ ತಿಂದಿದ್ದೇನೆ, ನೀನೇ ಕಾಪಾಡು ಎಂದೆ. ಅವಳು ಕಣಕ ಮುಚ್ಚಿಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಕೈ ತೊಳೆದು, ಚಹಾ ಸೋಸಿಕೊಂಡು ಹೊರಗೆ ಹೋದಳು.

ಮೊದಲು ಶಿವಕುಮಾರನಿಗೆ ಕಪ್ಪು ಕೊಟ್ಟು, ಹಬ್ಬದ ದಿನ ಒಬ್ಬನೇ ಬಂದಿದ್ದೀಯಲ್ಲ, ಹೆಂಡತಿ ಎಲ್ಲಿ ಎಂದು ಕೇಳಿದಳು.

"ಬಸ್ಸಿನ್ಯಾಗ ಬರಾಕತ್ಯಾಳ್ರಿ ಅಕ್ಕೋರ," ಎಂದ ಅವನು ತಲೆ ಕೆರೆದುಕೊಂಡು. "ಇದರ ಮ್ಯಾಲ ಸೀರಿ ಉಟ್ಕೊಂಡು ಕೂಡಂಗಿಲ್ಲ ಅಂತಾಳ. ಒಮ್ಮೆ ಜಾರಿ ಬಿದ್ದಾಳ. ಅದಕ್ಕ ಮಾರಾಕತ್ತೀನಿ."

ಆಮೇಲೆ ಮಾವನಿಗೆ ಚಹಾ ಕೊಟ್ಟು, ಅಷ್ಟು ದೂರದಿಂದ ಆರಾಮಾಗಿ ಬಂದಿರಾ ಎಂದು ವಿಚಾರಿಸಿದಳು. ಮಾವ ಮೊಣಕಾಲು ಸವರಿಕೊಂಡು, ಗಾಡಿ ಆರಾಮೇ ಇದೆ, ಈ ಕಾಲಿಗೇ ಕಿಕ್ ಹೊಡೆಯಲು ಆಗುವುದಿಲ್ಲ, ದಾರಿಯಲ್ಲಿ ಚಹಾಕ್ಕೆ ನಿಂತಾಗ ಯಾರನ್ನಾದರೂ ಕರೆದು ಹೊಡೆಸಿಕೊಂಡೇ ಬಂದೆ ಎಂದರು. ಗುಂಡಿ ಒತ್ತಿದರೆ ಏಳುವಂಥದು ಸಿಕ್ಕರೆ ನೋಡಬೇಕು ಎಂದು ಎದುರಿನ ಗಾಡಿಯ ಮೇಲೆ ಕಣ್ಣಿಟ್ಟೇ ಹೇಳಿದರು.

ಮಹಾದೇವಿ ಅಂಗಳಕ್ಕಿಳಿದಳು. ಹಳೇ ಗಾಡಿಯ ಉದ್ದ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತಳು. ಸೆರಗು ಚಕ್ರಕ್ಕೆ ಸಿಗದ ಹಾಗೆ ಅದಕ್ಕೆ ಕಬ್ಬಿಣದ ಜಾಲರಿಯೂ ಇತ್ತು. ನಾನು ಅದನ್ನು ಇವತ್ತೇ ನೋಡಿದ್ದು. ಇಳಿದು ಹೊಸದರ ಹತ್ತಿರ ಹೋದಳು, ಹಿಂದಿನ ಸೀಟಿನ ಎತ್ತರ ನೋಡಿದಳು, ಏರುವ ಪ್ರಯತ್ನವನ್ನೂ ಮಾಡಲಿಲ್ಲ. ನನ್ನ ಅಷ್ಟು ತಿಂಗಳ ಅಧ್ಯಯನ ಒಂದು ಕಪ್ಪು ಚಹಾ ಆರುವ ಮೊದಲೇ ಮುಗಿದಿತ್ತು. ಹಾಗಾದರೆ ಹಳೇದೇ ನಮಗೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವಳು ಜಗಲಿಗೆ ಬಂದು ನಿಂತಳು.

"ಮಾಮಾ, ನಿಮಗ ಬೇಕಾದದ್ದು ಶಿವಕುಮಾರನ ಕಡಿ ಅದ. ಶಿವಕುಮಾರ, ನಿನ್ನ ಹೆಂಡತಿಗಿ ಬೇಕಾದದ್ದು ಮಾಮಾನ ಕಡಿ ಅದ. ನಡುವ ನಮ್ಮನ್ಯಾಕ ತರ್ತೀರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬೇವಿನ ಗಿಡದ ಕೆಳಗೆ ಹೋಗಿ ಮಾತಾಡಿದರು, ಹೆಚ್ಚು ಕಡಿಮೆ ಎಷ್ಟು ಎಂದು ಅವರೇ ಬಗೆಹರಿಸಿಕೊಂಡರು. ನಾನು ಸಂಬಂಧ ಕೂಡಿಸಿದ ಹಿರಿಯನ ಹಾಗೆ ನಡುವೆ ನಿಂತು ತಲೆ ಅಲ್ಲಾಡಿಸಿದೆ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮಹಾದೇವಿ ಒಳಗಿನಿಂದ ಬಟ್ಟಲು ತಂದು ಇಬ್ಬರ ಬಾಯಿಗೂ ಸಕ್ಕರೆ ಹಾಕಿದಳು. ನಮ್ಮ ಮನೆಯ ಸಕ್ಕರೆ! ಇಬ್ಬರೂ ಹೋಳಿಗೆ ಉಂಡು, ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದು ಹೇಳಿ, ಒಬ್ಬರ ಗಾಡಿ ಒಬ್ಬರು ಹತ್ತಿದರು. ಬಸ್ಸಿನಿಂದ ಇಳಿದು ಬಂದಿದ್ದ ಹೊಸ ಸೊಸೆ ಜಾಲರಿಯ ಗಾಡಿಯ ಮೇಲೆ ನಗುತ್ತಾ ಕೂತು ಹೋದಳು. ಮಾವ ಹೋಗುವ ಮುನ್ನ ಗುಂಡಿಯನ್ನು ಸುಮ್ಮಸುಮ್ಮನೆ ನಾಲ್ಕು ಸಲ ಒತ್ತಿ ನೋಡಿದರು.

ಅಂಗಳ ಖಾಲಿಯಾಯಿತು. ಎರಡು ಚೆಂಡು ಹೂವು ಬಿದ್ದಿದ್ದವು. ನನಗೆ ಆಗ ನಿಜವಾಗಿಯೂ ದುಃಖ ಬಂತು. ಮಾನ ಉಳಿಯಿತು, ಗಾಡಿ ಹೋಯಿತು. ಹಬ್ಬದ ರಜೆ ಮುಗಿದರೆ ಇವಳು ಮತ್ತೆ ಅದೇ ಬಸ್ಸಿಗೆ ನಿಲ್ಲಬೇಕು, ಮಕ್ಕಳು ಬೀಗದ ಮುಂದೆ ಕೂರಬೇಕು. ನನ್ನಿಂದ ತಪ್ಪಾಯಿತು, ಇನ್ನೊಂದು ನೋಡುತ್ತೇನೆ ಎಂದೆ.

"ನೋಡಬ್ಯಾಡ್ರಿ," ಎಂದಳು ಮಹಾದೇವಿ. "ನಾನೂ ಸಕ್ರಿ ತಿಂದೀನಿ."

ಝರಾಸಂಗಂ ದವಾಖಾನೆಯ ನರ್ಸಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಆಕೆಯ ಸ್ಕೂಟರನ್ನು ಇವಳು ಮಾತಾಡಿಟ್ಟಿದ್ದಳು. ಮಳೆಗಾಲದುದ್ದಕ್ಕೂ ಮಕ್ಕಳು ಮನೆಗೆ ಹೋದ ಮೇಲೆ ಅಂಗನವಾಡಿಯ ಹಿಂದಿನ ಬಯಲಿನಲ್ಲಿ ಆಕೆಯ ಹತ್ತಿರವೇ ಹೊಡೆಯುವುದನ್ನೂ ಕಲಿತಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀವು ಹೋಲಿಸಿ ನೋಡಾಕ ಬರ್ತಿದ್ರಿ. ನಿಮ್ಮದು ಮುಗಿಯೂತನಕ ಕಾದ್ರ ನಮ್ಮ ಅಂಗನವಾಡಿ ಹುಡುಗೂರು ಹತ್ತನೇ ಕ್ಲಾಸ್ ಪಾಸಾಗ್ತಿದ್ವು."

ನನ್ನೊಳಗಿನ ಪಂಡಿತ ಅಷ್ಟರಲ್ಲೂ ಸುಮ್ಮನಿರಲಿಲ್ಲ. ಅದು ಯಾವ ತಲೆಮಾರಿನದು ಎಂದು ಕೇಳಿಯೇಬಿಟ್ಟ.

"ಕೆಂಪನದು," ಎಂದಳು.

ಏನು ನೋಡಿ ತೆಗೆದುಕೊಂಡೆ ಎಂದೆ. ಕಾಲು ನೆಲಕ್ಕೆ ಮುಟ್ಟುತ್ತವೆಯೇ ನೋಡಿದೆ, ಮುಟ್ಟಿದವು ಎಂದು ಹೇಳಿ ಒಳಗೆ ಹೋಗಿ ಉಳಿದ ಹೋಳಿಗೆ ಬೇಯಿಸತೊಡಗಿದಳು.

ಈಗ ಅಂಗನವಾಡಿಯ ಬಾಗಿಲು ಮಕ್ಕಳು ಬರುವ ಮೊದಲೇ ತೆರೆದಿರುತ್ತದೆ. ಮೇಡಂ ಬಂದು ನೋಡಿ, ಬೀಗ ಕಾಣದೆ, ಸರಿಯಾದ ಊರಿಗೇ ಬಂದೆನೋ ಇಲ್ಲವೋ ಎಂದು ಕೇಳಿದರಂತೆ. ದಿನಾ ಬೆಳಿಗ್ಗೆ ಮಹಾದೇವಿ ನನ್ನನ್ನು ಅಂಗಡಿಯ ಮುಂದೆ ಇಳಿಸಿ ಝರಾಸಂಗಂ ರಸ್ತೆ ಹಿಡಿಯುತ್ತಾಳೆ. ಮೊನ್ನೆ ಒಬ್ಬ ಗಿರಾಕಿ ಇದನ್ನು ನೋಡುತ್ತಾ ನಿಂತಿದ್ದವನು, ನೀವು ಗಾಡಿಗಳ ವಿಷಯ ಭಾಳ ಓದಿಕೊಂಡವರಂತೆ, ಈ ಸ್ಕೂಟರು ಹೇಗಿದೆ ಹೇಳಿ, ಮಗಳಿಗೊಂದು ಕೊಡಿಸಬೇಕು ಎಂದ.

"ಇಂಜಿನ್ನಿಂದು ನನಗ ಗೊತ್ತಿಲ್ರಿ," ಎಂದೆ. "ಹಿಂದಿನ ಸೀಟು ಮಾತ್ರ ಭಾಳ ಛಲೋ ಅದ."